ಕೇಳಿಸದ ನೋಟಿಸುಗಳು

ಸಮುದಾಯ ಭವನದ ಹಿಂದಿನ ಕೋಣೆಯನ್ನು ಟೀಚರ್ ಕಳೆದುಕೊಂಡದ್ದು ಯಾರ ದ್ವೇಷದಿಂದಲೂ ಅಲ್ಲ. ನಾವು ನೋಟಿಸು ಹಾಕಿದ್ದೆವು. ಅಂಥದ್ದೊಂದು ನೋಟಿಸು ಇದೆಯೆಂದು ಅವರಿಗೆ ಗೊತ್ತಾಗಲಿಲ್ಲ.

ಮರ್ಫಿ ಟೌನಿಗೂ ಸರ್ವಜ್ಞನಗರಕ್ಕೂ ನಡುವೆ ನಮ್ಮ ನಾಗರಿಕರ ಸಂಘದ ಭವನವಿದೆ. ಅದರ ಹಿಂದಿನ ಕೋಣೆಯನ್ನು ಆರಾರು ತಿಂಗಳಿಗೆ, ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ, ತರಗತಿ ನಡೆಸುವವರಿಗೆ ಕೊಡುತ್ತಾರೆ. ಬುಕಿಂಗ್ ಸಂಘದ ವೆಬ್‌ಸೈಟಿನಲ್ಲಿ. ಮೊದಲು ಬಂದವರಿಗೆ ಮೊದಲು. ಟೀಚರ್‌ಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮನೆಯಲ್ಲಿ ತಮಿಳೋ ದಖನಿಯೋ ಮಾತಾಡುವ, ಬೇಕರಿ, ಮೆಡಿಕಲ್ ಶಾಪುಗಳ ಕೌಂಟರಿನಲ್ಲಿ ನಿಲ್ಲುವ ಹೆಣ್ಣುಮಕ್ಕಳಿಗೆ ಅವರು ಮಾತಾಡುವ ಕನ್ನಡ, ಸ್ವಲ್ಪ ಇಂಗ್ಲಿಷ್ ಕಲಿಸುತ್ತಾರೆ. ನಾಲ್ಕು ವರ್ಷ ಆ ಕೋಣೆಯಲ್ಲೇ ಕಲಿಸಿದ್ದರು; ಪ್ರತಿ ಸಲ ಯಾರಾದರೂ ಶಿಷ್ಯೆ ನೋಟಿಸು ನೋಡಿ ಬುಕ್ ಮಾಡಿಕೊಡುತ್ತಿದ್ದಳು, ಈ ಸಲ ಯಾರೂ ನೋಡಲಿಲ್ಲ. ಬುಕಿಂಗ್ ಮುಗಿದ ಮರುದಿನ ಶಿಷ್ಯೆಯೊಬ್ಬಳು ಹೇಳಿದಾಗಲೇ ಅವರಿಗೆ ಗೊತ್ತಾದದ್ದು. ಆಮೇಲೆ ತರಗತಿ ಆ ಶಿಷ್ಯೆಯ ಮನೆಯ ನಡುಮನೆಗೆ ಹೋಯಿತು. ಕುಕ್ಕರ್ ಕೂಗು, ಟೀವಿ, ಅತ್ತೆಯ ಮುಖ. ಹದಿನಾಲ್ಕು ಜನ ಆರಕ್ಕಿಳಿದರು.

"ಇನ್ನೊಂದ್ಸಲ ತಪ್ಪಿದ್ರೆ ಕ್ಲಾಸ್ ನಿಲ್ಲಿಸ್ಬಿಡ್ತೀನಿ ಮೇಡಂ," ಎಂದು ಟೀಚರ್ ನನಗೆ ಹೇಳಿದರು. ಅವರ ದನಿಯಲ್ಲಿ ದೂರಿರಲಿಲ್ಲ. ಮುಂದಿನ ಬುಕಿಂಗಿಗೆ ಏಳು ವಾರಗಳಿದ್ದವು.

ವೆಬ್‌ಸೈಟ್ ನೋಡಿಕೊಳ್ಳುವ ಸ್ವಯಂಸೇವಕಿ ನಾನು. ಇಂದಿರಾನಗರದ ಕಚೇರಿಯಲ್ಲಿ ಸಾಫ್ಟ್‌ವೇರುಗಳಿಗೆ ಬಳಕೆಯ ಕೈಪಿಡಿ ಬರೆಯುವವಳಾದ್ದರಿಂದ ಇದೆಲ್ಲ ನನಗೆ ಗೊತ್ತಿರುತ್ತದೆಂದು ಸಂಘದವರು ಅಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ಏಳು ವಾರಗಳ ಟಿಪ್ಪಣಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬರೀ ನೆನಪಿನಿಂದ ಬರೆದರೆ ನಾನು ಇನ್ನೂ ಸ್ವಲ್ಪ ಜಾಣೆಯಾಗಿ ಕಾಣುವ ಅಪಾಯವಿದೆ.

ಮೊದಲ ಶನಿವಾರ ಸಂಘದ ಆಫೀಸಿನಲ್ಲಿ ಟೀಚರ್ ತಮ್ಮ ಫೋನನ್ನು ಮೇಜಿನ ಮೇಲಿಟ್ಟು ನಮ್ಮ ಸೈಟು ತೆರೆದರು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅವರ ಫೋನಿನಲ್ಲಿದೆ. ಅವರು ಬೆರಳು ಸರಿಸಿದಂತೆ ಅದು ಒಂದೊಂದನ್ನೇ ಓದುತ್ತದೆ, ನನಗೆ ಅರ್ಥವಾಗದಷ್ಟು ವೇಗದಲ್ಲಿ. ನನಗಾಗಿ ವೇಗ ಇಳಿಸಿದರು. "ಚಿತ್ರ," ಎಂದಿತು ಫೋನು. "ಚಿತ್ರ. ಚಿತ್ರ. ಇಲ್ಲಿ ಕ್ಲಿಕ್ ಮಾಡಿ. ಚಿತ್ರ. ಇಲ್ಲಿ ಕ್ಲಿಕ್ ಮಾಡಿ."

"ನಿಮ್ ಸೈಟಿಗೆ ಬಂದ್ರೆ ಯಾರ್ದೋ ಮದುವೆ ಆಲ್ಬಮ್ ಮುಂದೆ ಕೂರಿಸ್ದಂಗಾಗತ್ತೆ ಮೇಡಂ," ಎಂದರು ಟೀಚರ್. "ಚಿತ್ರ, ಚಿತ್ರ, ಚಿತ್ರ. ಗಂಡು ಯಾರು ಹೆಣ್ಣು ಯಾರು ಅಂತ ಹೇಳೋರೇ ಇಲ್ಲ."

ಆ ಚಿತ್ರಗಳೇ ನಮ್ಮ ನೋಟಿಸುಗಳು. ಸಂಘದಲ್ಲಿ ನೋಟಿಸು ಹೊರಡುವ ಕ್ರಮವೊಂದಿದೆ. ಕಾರ್ಯದರ್ಶಿಗಳು ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಲೆಟರ್‌ಹೆಡ್ಡಿನ ಮೇಲೆ ಪ್ರಿಂಟ್ ತೆಗೆದು, ನೇರಳೆ ಇಂಕಿನ ದುಂಡು ಮೊಹರು ಒತ್ತಿ, ಸಹಿ ಹಾಕಿ, ಅದರ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ನಾನು ಅದನ್ನು ಸೈಟಿಗೆ ಏರಿಸುತ್ತೇನೆ. ಮೂರು ವರ್ಷ ಹೀಗೇ ಏರಿಸಿದ್ದೇನೆ. ಕೆಲವು ಫೋಟೋಗಳ ಅಂಚಿನಲ್ಲಿ ಅವರ ಹೆಬ್ಬೆರಳೂ ಇರುತ್ತದೆ. ನನ್ನದೇ ಕೈಪಿಡಿಗಳಲ್ಲಿ "ಪಠ್ಯವನ್ನು ಚಿತ್ರವಾಗಿ ಹಾಕಬೇಡಿ" ಎಂದು ಎಷ್ಟು ಸಲ ಬರೆದಿದ್ದೆನೋ. ಇಲ್ಲಿ ಅದು ಹೊಳೆದೇ ಇರಲಿಲ್ಲ. ಮೊಹರು ನೋಡಿದಾಗ ಅದು ಪಠ್ಯ ಅನ್ನಿಸುವುದಿಲ್ಲ, ದಾಖಲೆ ಅನ್ನಿಸುತ್ತದೆ.

ಕಾರ್ಯದರ್ಶಿಗಳಿಗೆ ಎಪ್ಪತ್ತರ ಆಸುಪಾಸು. ಈ ಕಡೆಯ ನೆಲದಲ್ಲಿ ಅವರ ತಾತನ ಕಾಲದವರೆಗೂ ರಾಗಿ, ಸೊಪ್ಪು ಬೆಳೆದ ಮನೆತನ; ಈಗ ಬಾಡಿಗೆ ಮನೆಗಳಿವೆ. ಅಂದು ಅವರು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು.

"ಮೊಹರಿಲ್ದೇ ಇದ್ರೆ ಅದು ನೋಟಿಸೇ ಅಲ್ಲಮ್ಮ," ಎಂದರು. "ಹಿಂದೆ ಯಾವನೋ ನಮ್ಮ ಸಂಘದ ಹೆಸರಲ್ಲಿ ನೀರಿನ ಟ್ಯಾಂಕರ್ ಬರತ್ತೆ ಅಂತ ಸುಳ್ಳು ಮೆಸೇಜ್ ಬಿಟ್ಟ. ಜನ ಕೊಡ ಇಟ್ಕೊಂಡು ಮಧ್ಯಾಹ್ನದ್ ತಂಕ ನಿಂತಿದ್ರು. ಬೈಗುಳ ತಿಂದಿದ್ದು ನಾನು." ಆಮೇಲೆ ಟೀಚರ್ ಕಡೆ ತಿರುಗಿ, "ನೀವು ನಂಗೊಂದು ಫೋನ್ ಮಾಡ್ಬಿಡಿ ಟೀಚರ್. ನಾನೇ ನಿಮ್ ಹೆಸ್ರು ಬರ್ಕೊಂಡ್ಬಿಡ್ತೀನಿ. ಇದಕ್ಯಾಕೆ ಇಷ್ಟೆಲ್ಲ?"

"ನೋಟಿಸು ಬಂತಾ ಅಂತ ದಿನಾ ಫೋನ್ ಮಾಡ್ಲಾ ಸಾರ್? ಮೂರನೇ ದಿನಕ್ಕೆ ನೀವೇ ನನ್ ನಂಬರ್ ಬ್ಲಾಕ್ ಮಾಡ್ತೀರ."

ಅವರು ನಕ್ಕರು. ಆದರೆ ಒಪ್ಪಲಿಲ್ಲ.

ಹಾಗಾಗಿ ನಾನು ಯಾರನ್ನೂ ನೋಯಿಸದ ದಾರಿ ಹಿಡಿದೆ. ಪ್ರತಿ ಚಿತ್ರದ ಹಿಂದೆ, ಕಣ್ಣಿಗೆ ಕಾಣದ ಹಾಗೆ ಒಂದು ವಿವರಣೆ ಸೇರಿಸಬಹುದು. ಓದುವ ತಂತ್ರಾಂಶ ಅದನ್ನು ಓದುತ್ತದೆ. ಚಾಲ್ತಿಯಲ್ಲಿದ್ದ ನೋಟಿಸುಗಳನ್ನೆಲ್ಲ ಒಂದು ವಾರ ಕೂತು ಟೈಪ್ ಮಾಡಿ ಆ ವಿವರಣೆಯ ಜಾಗದಲ್ಲಿ ತುಂಬಿದೆ. ಸೈಟುಗಳನ್ನು ತಾನಾಗಿಯೇ ತಪಾಸಣೆ ಮಾಡುವ ಸಾಧನವೊಂದಕ್ಕೆ ಕೊಟ್ಟರೆ ಬಹುಪಾಲು ಹಸಿರು ಗುರುತು ಬಂತು. ಟಿಪ್ಪಣಿ ಪುಸ್ತಕದಲ್ಲಿ ಆ ದಿನ "ಮುಗಿಯಿತು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಆ ಗೆರೆ ನೋಡಿದರೆ ಈಗಲೂ ಮುಜುಗರ.

ಎರಡನೇ ಶನಿವಾರ ಟೀಚರ್ ಅದನ್ನು ಫೋನಿನಲ್ಲಿ ಓದಿಸಿ ಕೇಳಿದರು. ಇಡೀ ನೋಟಿಸು "ಮಾನ್ಯರೇ"ಯಿಂದ ಹಿಡಿದು ಫೋನ್ ನಂಬರಿನವರೆಗೆ ಒಂದೇ ಉಸಿರಿನಲ್ಲಿ ಹರಿಯಿತು. ನಡುವೆ ನಿಲ್ಲಲು, ಒಂದು ಸಾಲು ಹಿಂದೆ ಹೋಗಲು, ನಂಬರನ್ನು ಒತ್ತಿ ಕರೆ ಮಾಡಲು ದಾರಿಯಿಲ್ಲ. ವಿವರಣೆ ಎಂದರೆ ಒಂದು ಮಾತಿನದ್ದಾಗಿರಬೇಕು. ನಾನು ಅದರೊಳಗೆ ಒಂದು ಪುಟ ತುರುಕಿದ್ದೆ.

"ನಂಬರ್ ಇನ್ನೊಂದ್ಸಲ ಬೇಕು ಅಂದ್ರೆ ಮತ್ತೆ ಮಾನ್ಯರೇ ಇಂದ ಶುರು," ಎಂದರು. "ನಮ್ ತಾತ ಕಥೆ ಹೇಳ್ತಿದ್ದಂಗೆ. ಮಧ್ಯದಲ್ಲಿ ಕೆಮ್ಮಿದ್ರೆ ಮೊದಲಿಂದ."

ಅದಾದ ಮೇಲೆ ಮಾಡಿದ್ದು ನನ್ನ ದೊಡ್ಡ ತಪ್ಪು. ಮುಖಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಗುರುತಿರುವ ಒಂದು ಬಟನ್ ಇಟ್ಟೆ. ಒತ್ತಿದರೆ ಬೇರೊಂದು ಪುಟ: ಚಿತ್ರವಿಲ್ಲ, ಬಣ್ಣವಿಲ್ಲ, ನೋಟಿಸುಗಳು ಅಚ್ಚುಕಟ್ಟಾದ ಪಠ್ಯವಾಗಿ. ಮೊಹರಿನ ಚಿತ್ರಗಳು ತಮ್ಮ ಜಾಗದಲ್ಲೇ ಉಳಿದವು. ಕಾರ್ಯದರ್ಶಿಗಳಿಗೆ ಬಹಳ ಖುಷಿಯಾಯಿತು. "ಇದನ್ನ ಉದ್ಘಾಟನೆ ಮಾಡ್ಬೇಕಮ್ಮ, ಒಂದು ಫೋಟೋ ತೆಗ್ಸೋಣ," ಎಂದರು. ಟೀಚರ್ ಪುಟ ಕೇಳಿ, "ಓದಕ್ಕೆ ಚೆನ್ನಾಗಿದೆ," ಎಂದರು. ಅಷ್ಟೇ ಹೇಳಿದ್ದು. ನಾನು ಅದನ್ನು ಪೂರ್ತಿ ಒಪ್ಪಿಗೆಯೆಂದು ತಿಳಿದೆ.

ನಾಲ್ಕನೇ ವಾರ ಕಚೇರಿಯಲ್ಲಿ ಕೆಲಸ ಜಾಸ್ತಿಯಿತ್ತು. ಬುಧವಾರ ಕಾರ್ಯದರ್ಶಿಗಳು ಒಂದು ನೋಟಿಸು ಕಳಿಸಿದರು: ಭವನದ ಮುಂದೆ ಚರಂಡಿಗೆ ರಸ್ತೆ ಅಗೆದಿದ್ದಾರೆ, ಮುಂದಿನ ಗೇಟು ಬಂದ್, ಹಿಂದಿನ ಓಣಿಯಿಂದ ಬರಬೇಕು. ಫೋಟೋ ಏರಿಸಿದೆ. ಅದನ್ನೇ ಟೈಪ್ ಮಾಡಿ ಆ ಇನ್ನೊಂದು ಪುಟಕ್ಕೆ ಹಾಕುವುದನ್ನು ಸಂಜೆಗೆ ಇಟ್ಟುಕೊಂಡೆ. ಮರೆತೆ.

ಶನಿವಾರ, ಬುಕಿಂಗ್ ಫಾರಂ ಅಭ್ಯಾಸ ಮಾಡೋಣ ಬನ್ನಿ ಎಂದು ಟೀಚರನ್ನು ಕರೆದವಳು ನಾನೇ. ಅವರು ಬೆಳಿಗ್ಗೆ ಆ ಪುಟವನ್ನು ಪೂರ್ತಿ ಓದಿಯೇ ಹೊರಟಿದ್ದರು. ಬಸ್ಸಿಳಿದು, ನಾಲ್ಕು ವರ್ಷ ನಡೆದ ದಾರಿಯಲ್ಲೇ ಬಂದರು. ಕೋಲಿನ ತುದಿಗೆ ಮೊದಲು ಸಡಿಲ ಮಣ್ಣು ಸಿಕ್ಕಿತು, ಆಮೇಲೆ ಏನೂ ಸಿಗಲಿಲ್ಲ. ಮೂಲೆಯಲ್ಲಿ ಹೂ ಮಾರುವ ಹೆಂಗಸು ಕೂಗುತ್ತ ಓಡಿಬಂದು ತೋಳು ಹಿಡಿದುಕೊಂಡರಂತೆ. ನಾನು ಹಿಂದಿನ ಓಣಿಯಿಂದ ಬಂದು ಆಫೀಸಿನಲ್ಲಿ ಕಾರ್ಯದರ್ಶಿಗಳ ಜೊತೆ ಕೂತಿದ್ದೆ. ಆ ಹೆಂಗಸೇ ಅವರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ನಮ್ಮಿಬ್ಬರನ್ನು ನೋಡಿ, "ಒಂದು ಮಾತು ಸೊಲ್ಲಕ್ಕೆ ಆಗಲ್ವಾ ನಿಮ್ಗೆ?" ಎಂದು ತಮಿಳು ಬೆರೆಸಿ ಬೈದು ಹೋದರು. ಆಮೇಲೆ ನಾನು ಅವರಲ್ಲಿಗೆ ಹೋಗಿ ಕೈಮುಗಿದು ಬಂದೆ.

ಟೀಚರ್ ಚಪ್ಪಲಿಯ ಮಣ್ಣನ್ನು ಕಾಗದದಲ್ಲಿ ಒರೆಸಿಕೊಂಡರು. ನಾನು ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ.

ಇಲ್ಲಿ ನನ್ನ ನೆನಪೂ ಪುಸ್ತಕವೂ ಬೇರೆ ಬೇರೆ ಹೇಳುತ್ತವೆ. ಬೇರೆ ಪುಟ ಬೇಡ, ಎಲ್ಲರಿಗೂ ಒಂದೇ ಪುಟವಿರಲಿ ಎಂದು ಆ ಕ್ಷಣದಲ್ಲೇ ನಾನು ನಿರ್ಧರಿಸಿದೆನೆಂದು ಈಗ ನನಗೆ ನೆನಪು. ಕಚೇರಿಯಲ್ಲಿ ಒಂದಿಬ್ಬರಿಗೆ ಹಾಗೆಯೇ ಹೇಳಿಯೂ ಇದ್ದೇನೆ. ಪುಸ್ತಕದಲ್ಲಿ, ಅದೇ ದಿನಾಂಕದ ಕೆಳಗೆ, ಟೀಚರ್ ಹೇಳಿದ ಮಾತಿದೆ: "ಆ ಪೇಜ್ ತೆಗೆದ್ಬಿಡಿ ಮೇಡಂ. ಎಲ್ರೂ ನೋಡೋ ಪೇಜಲ್ಲಿ ತಪ್ಪಾದ್ರೆ ಹತ್ತು ಜನ ಬೈತಾರೆ, ಸಾಯಂಕಾಲದೊಳಗೆ ಸರಿಯಾಗತ್ತೆ. ನನ್ನೊಬ್ಳ ಪೇಜಲ್ಲಿ ತಪ್ಪಾದ್ರೆ ಬೈಯಕ್ಕೆ ನಾನೊಬ್ಳೇ." ಅದರ ಕೆಳಗೆ ನನ್ನ ಅಕ್ಷರದಲ್ಲೇ: "ಮೂರು ವಾರದಲ್ಲಿ ಆಗದು ಎಂದೆ." ಒಪ್ಪಿದ್ದು ಮರುದಿನ. ಭಾನುವಾರ ಮಧ್ಯಾಹ್ನ ಆ ಪುಟವನ್ನೂ ಬಟನ್ನನ್ನೂ ಅಳಿಸಿದೆ. ನಿರ್ಧಾರ ಅವರದು, ಅಳಿಸಿದ ಕೈ ಮಾತ್ರ ನನ್ನದು.

ಉಳಿದದ್ದು ಮೂರು ವಾರ. ಮೊದಲು ಮೊಹರಿನ ಪ್ರಶ್ನೆ ಬಗೆಹರಿಯಬೇಕಿತ್ತು. ಹಳ್ಳದ ಘಟನೆಯಿಂದ ಕಾರ್ಯದರ್ಶಿಗಳೂ ಮೆತ್ತಗಾಗಿದ್ದರು, ಆದರೆ ಸುಳ್ಳು ನೋಟಿಸಿನ ಭಯ ಹೋಗಿರಲಿಲ್ಲ. ಆ ಭಯ ನ್ಯಾಯವಾದದ್ದೇ ಎಂದು ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು.

"ಮೊಹರು ನನಗೆ ಕಾಣಲ್ಲ ಸಾರ್. ಆದ್ರೆ ನಿಮ್ ನೋಟಿಸು ಯಾವುದು ಅಂತ ಕೇಳಿದ್ರೆ ಗೊತ್ತಾಗತ್ತೆ," ಎಂದರು ಟೀಚರ್. "ಊರಲ್ಲಿ ಇನ್ಯಾರೂ 'ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ' ಅಂತ ಬರೆಯಲ್ಲ."

"ಅದು ನಮ್ಮಪ್ಪ ಪಂಚಾಯ್ತಿಲಿದ್ದಾಗಿಂದ ಬಂದಿದ್ದು," ಎಂದರು ಕಾರ್ಯದರ್ಶಿ, ಸ್ವಲ್ಪ ಹೆಮ್ಮೆಯಿಂದ. ಆಮೇಲೆ ಅವರೇ ಬೀರುವಿನಿಂದ ನೋಟಿಸುಗಳ ರಿಜಿಸ್ಟರ್ ತೆಗೆದರು. ಪ್ರತಿ ನೋಟಿಸಿಗೂ ಅದರಲ್ಲಿ ಒಂದು ಕ್ರಮಸಂಖ್ಯೆಯಿತ್ತು. ನನಗೆ ಗೊತ್ತೇ ಇರಲಿಲ್ಲ. ಆ ಸಂಖ್ಯೆ ಮತ್ತು ತಾರೀಖನ್ನು ಪಠ್ಯದ ಮೊದಲ ಸಾಲಿನಲ್ಲಿ ಹಾಕುವುದು, ಅನುಮಾನ ಬಂದವರು ಆಫೀಸಿಗೆ ಫೋನ್ ಮಾಡಿ ಸಂಖ್ಯೆ ಹೇಳಿ ಕೇಳುವುದು ಎಂದು ತೀರ್ಮಾನವಾಯಿತು. ಮೊಹರಿನ ಫೋಟೋ ಪಠ್ಯದ ಕೆಳಗೆ, "ಸಂಘದ ಮೊಹರು, ಕಾರ್ಯದರ್ಶಿಯ ಸಹಿ" ಎಂಬ ಪುಟ್ಟ ವಿವರಣೆಯೊಂದಿಗೆ.

ಪಠ್ಯವಾಗಿ ಹಾಕಲು ಹೊರಟಾಗ ಮತ್ತೊಂದು ಗೋಡೆ. ಕಾರ್ಯದರ್ಶಿಗಳ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ಕಾಲದ ಫಾಂಟು. ಕಣ್ಣಿಗೆ ಅದು ಕನ್ನಡ. ಒಳಗೆ ಕಂಪ್ಯೂಟರಿನ ಲೆಕ್ಕದಲ್ಲಿ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಟೀಚರ್ ಫೋನು ಅದನ್ನು ಓದಿದ್ದು ಕೇಳಿದರೆ ಗಂಟಲಲ್ಲಿ ಮುಳ್ಳು ಸಿಕ್ಕವರು ಮಾತಾಡಿದ ಹಾಗಿತ್ತು. ಪರಿವರ್ತಿಸುವ ತಂತ್ರಾಂಶವಿದೆ, ಆದರೆ ಒತ್ತಕ್ಷರಗಳನ್ನು ಅದು ಅಲ್ಲಲ್ಲಿ ಎಡವಟ್ಟು ಮಾಡುತ್ತದೆ. ಒಂದೊಂದು ಸಾಲನ್ನೂ ತಿದ್ದಬೇಕು. ಹಳೆಯವನ್ನು ನಾನು ತಿದ್ದಬಹುದು, ಹೊಸದನ್ನು ಬರೆಯುವವರು ಯಾರು? ಎಪ್ಪತ್ತರ ವಯಸ್ಸಿನಲ್ಲಿ ಹೊಸ ಕೀಲಿಮಣೆ ಕಲಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಟೈಪ್ ಯಾಕೆ ಮಾಡ್ಬೇಕು? ಮಾತಾಡಿ ಸಾರ್," ಎಂದರು ಟೀಚರ್. ಅವರು ದಿನವೂ ಮಾಡುವುದು ಅದನ್ನೇ: ಫೋನಿಗೆ ಹೇಳಿದರೆ ಅದು ಸರಿಯಾದ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತದೆ. ಮೂರು ಸಂಜೆ ಕಾರ್ಯದರ್ಶಿಗಳನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದರು. ಮೈಕಿನ ಗುರುತು ಎಲ್ಲಿದೆ ಎಂದು ಟೀಚರ್ ಹೇಳಿದರೆ, ಕನ್ನಡಕದ ಮೇಲಿಂದ ನೋಡುತ್ತ ಇವರು ಹುಡುಕುತ್ತಿದ್ದರು. ಮೊದಲ ನೋಟಿಸು ಹೀಗೆ ಬಂತು: "ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ ಏ ಗೇಟ್ ಹಾಕ್ಕೊಂಡ್ ಹೋಗಪ್ಪ."

"ಇದೂ ಒಳ್ಳೇ ನೋಟಿಸೇ ಸಾರ್, ಹಾಕ್ಬಿಡಿ," ಎಂದರು ಟೀಚರ್. ಕಾರ್ಯದರ್ಶಿಗಳು ಕೆಮ್ಮು ಬರುವವರೆಗೂ ನಕ್ಕರು.

ಇನ್ನು ಬುಕಿಂಗ್ ಫಾರಂ. ಅದರ ಕೋಡನ್ನು ನಾನು ಮುಟ್ಟಲಾರೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿ, ಹುಬ್ಬಳ್ಳಿಯವರು, ಎರಡು ವಾರ ಊಟದ ಬಿಡುವನ್ನು ಅದಕ್ಕೆ ಕೊಟ್ಟರು. ಮೊದಲ ದಿನವೇ ಮೌಸ್ ಕಿತ್ತಿಟ್ಟು, ಬರೀ ಕೀಲಿಮಣೆಯಿಂದ ಫಾರಂ ತುಂಬಲು ಹೋಗಿ ಸಿಕ್ಕಿಬಿದ್ದರು. "ಏನ್ರೀ ಇದು, ಈ ಕ್ಯಾಲೆಂಡರ್ ಮೌಸ್ ಇಲ್ಲದ ಅಲ್ಲಾಡಂಗಿಲ್ಲಲ್ರೀ. ಒಳಗ ಹೋದ್ರ ಹೊರಗ ಬರಾಕ ಬಾಗಿಲಾನ ಇಲ್ಲ."

ಅವರು ಕಂಡುಹಿಡಿದದ್ದು ಒಂದಲ್ಲ. ಖಾಲಿ ಗಂಟೆಗೆ ಹಸಿರು, ಹೋದ ಗಂಟೆಗೆ ಕೆಂಪು. ಅಕ್ಷರದಲ್ಲಿ ಏನೂ ಇಲ್ಲ. ತಪ್ಪು ತುಂಬಿದರೆ ಚೌಕದ ಅಂಚು ಕೆಂಪಾಗುತ್ತದೆ. ಏನು ತಪ್ಪೆಂದು ಹೇಳುವುದಿಲ್ಲ. ಕೊನೆಯಲ್ಲಿ, ನೀವು ಯಂತ್ರವಲ್ಲ ಎಂದು ಸಾಬೀತು ಮಾಡಲು ಸೊಟ್ಟ ಅಕ್ಷರಗಳ ಚಿತ್ರ. ಐದು ನಿಮಿಷ ದಾಟಿದರೆ ಎಲ್ಲ ಅಳಿಸಿಹೋಗುತ್ತದೆ. ಪುಟ ಇಂಗ್ಲಿಷಿನದೆಂದು ಒಳಗೆ ಘೋಷಿಸಿದ್ದರಿಂದ ಕೆಲವು ಫೋನುಗಳು ಕನ್ನಡವನ್ನು ಓದದೆ ಹಾರಿಸುತ್ತಿದ್ದವು.

ಕ್ಯಾಲೆಂಡರ್ ಹೋಯಿತು. ಅದರ ಬದಲು ಸಾದಾ ಪಟ್ಟಿ: "ಸೋಮ, ಬುಧ, ಶುಕ್ರ, ಸಂಜೆ ಐದರಿಂದ ಆರು, ಖಾಲಿ ಇದೆ." ಸೊಟ್ಟ ಅಕ್ಷರಗಳ ಬದಲು ಫೋನಿಗೆ ಬರುವ ಸಂಖ್ಯೆ. ಸಮಯದ ಮಿತಿ ಅರ್ಧ ಗಂಟೆ. ತಪ್ಪಾದರೆ ಮಾತಿನಲ್ಲೇ: "ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದೆ." ಹತ್ತಾರು "ಇಲ್ಲಿ ಕ್ಲಿಕ್ ಮಾಡಿ"ಗಳ ಜಾಗದಲ್ಲಿ ಅವು ಎಲ್ಲಿಗೆ ಒಯ್ಯುತ್ತವೆ ಎಂಬ ಮಾತು. ಟೀಚರ್ ಎರಡು ದಿನಕ್ಕೊಮ್ಮೆ ಮನೆಯಿಂದಲೇ ತುಂಬಿ ನೋಡಿ ಧ್ವನಿ ಸಂದೇಶ ಕಳಿಸುತ್ತಿದ್ದರು. ಅವರ ದೂರುಗಳು ಚುಟುಕಾಗಿರುತ್ತಿದ್ದವು. ನನ್ನ ಸಹೋದ್ಯೋಗಿ ಅವನ್ನು ಕೇಳಿ, "ಇಷ್ಟ್ ಚಲೋ ಟೆಸ್ಟರ್ ನಮ್ಮ ಕಂಪನ್ಯಾಗೂ ಇಲ್ರೀ," ಎನ್ನುತ್ತಿದ್ದರು.

ಆರನೇ ವಾರದ ಕೊನೆಗೆ ಕಾರ್ಯದರ್ಶಿಗಳು ತಾವೇ ಫೋನಿಗೆ ಹೇಳಿ ಬುಕಿಂಗ್ ನೋಟಿಸು ಬರೆದರು. ನಾನು ಅದನ್ನು ಸೈಟಿಗೆ ಹಾಕಿದೆ, ಯಾರಿಗೂ ತಿಳಿಸಲಿಲ್ಲ. ಅರ್ಧ ಗಂಟೆಯೊಳಗೆ ಟೀಚರ್ ಸಂದೇಶ: "ಭಾನುವಾರ ಬೆಳಿಗ್ಗೆ ಹತ್ತಕ್ಕೆ. 'ತಿಳಿಯಪಡಿಸುವುದೇನೆಂದರೆ' ಇನ್ನೂ ಇದೆ, ಸಂತೋಷ." ಅದನ್ನು ನಾನು ಎರಡು ಸಲ ಓದಿದೆ. ಕಾರ್ಯದರ್ಶಿಗಳು ಆ ವಾರವೇ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಾದ್ದರಿಂದ ತಮಗೂ ಕನ್ನಡಕ ಹುಡುಕುವ ಕೆಲಸ ತಪ್ಪಿತು ಎಂದರು.

ಭಾನುವಾರ ಟೀಚರ್ ಮನೆಗೆ ಬಂದು ಪಕ್ಕದಲ್ಲಿ ಕೂರಲೇ ಎಂದು ಕೇಳಿದ್ದೆ. "ಬೇಡ ಮೇಡಂ. ನೀವು ಪಕ್ಕದಲ್ಲಿದ್ರೆ ನಂಗೆ ಪರೀಕ್ಷೆ ಬರೆದಂಗಾಗತ್ತೆ," ಎಂದರು.

ಹತ್ತಕ್ಕೆ ನಾನು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಬಂದ ಬುಕಿಂಗುಗಳು ನನಗೂ ಕಾರ್ಯದರ್ಶಿಗಳಿಗೂ ಒಂದರ ಕೆಳಗೊಂದು ಕಾಣುತ್ತವೆ. ಹತ್ತು ಗಂಟೆ ಒಂದು ನಿಮಿಷಕ್ಕೆ ಚಿತ್ರಕಲೆಯವರು. ಮೂರನೇ ನಿಮಿಷಕ್ಕೆ ಯೋಗದ ಗುಂಪಿನವರು, ಸೋಮ, ಬುಧ, ಶುಕ್ರ, ಸಂಜೆ ಐದರಿಂದ ಆರು. ಟೀಚರ್ ಬಯಸಿದ್ದ ಗಂಟೆಯೇ ಅದು. ಬೆಳಗಿನ ಎರಡು ಗಂಟೆಗಳೂ ಹೋದವು. ಟೀಚರ್ ಹೆಸರಿಲ್ಲ. ಹತ್ತೂಕಾಲಾಯಿತು. ಫಾರಂ ಮತ್ತೆಲ್ಲೋ ಸಿಕ್ಕಿಹಾಕಿಕೊಂಡಿದೆ, ಸಂಖ್ಯೆ ಬರಲಿಲ್ಲವೇನೋ, ಪಟ್ಟಿ ಓದುತ್ತಿಲ್ಲವೇನೋ ಎಂದು ನಾನು ನಮ್ಮ ತಪ್ಪುಗಳನ್ನೇ ಎಣಿಸುತ್ತಿದ್ದೆ. ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಖಾಲಿ ಉಳಿದದ್ದು ಒಂದೇ ಗಂಟೆ. ಹದಿನೆಂಟನೇ ನಿಮಿಷಕ್ಕೆ ಅವರ ಹೆಸರು ಬಂತು: ಸೋಮ, ಬುಧ, ಶುಕ್ರ, ಮಧ್ಯಾಹ್ನ ಎರಡರಿಂದ ಮೂರು.

ನಾನು ಕರೆ ಮಾಡುವ ಮುಂಚೆಯೇ ಕಾರ್ಯದರ್ಶಿಗಳು ಮಾಡಿದ್ದರು. ಟೀಚರನ್ನೂ ನನ್ನನ್ನೂ ಒಂದೇ ಕರೆಗೆ ಸೇರಿಸಿಕೊಂಡರು. "ಟೀಚರ್, ನೀವು ಸುಮ್ನಿರಿ. ಯೋಗದವರು ನಮ್ ಹುಡುಗ್ರೇ. ಅವರಿಗೆ ಹೇಳಿ ಐದರ ಟೈಮ್ ನಿಮಗೆ ಮಾಡಿಸ್ತೀನಿ."

"ಬೇಡ ಸಾರ್. ಅವರು ನನಗಿಂತ ಮುಂಚೆ ಬಂದ್ರು, ತಗೊಂಡ್ರು. ಎರಡು ಗಂಟೆಗೆ ನಮ್ ಹುಡುಗೀರಿಗೆ ಊಟದ ಬಿಡುವಿರತ್ತೆ. ಡಬ್ಬಿ ತಗೊಂಡು ಬರಕ್ಕೆ ಹೇಳ್ತೀನಿ. ಉಣ್ತಾ ಉಣ್ತಾ ಇನ್ನೂ ಚೆನ್ನಾಗಿ ಮಾತಾಡ್ತಾರೆ."

"ಫಾರಂ ಎಲ್ಲಿ ತೊಂದ್ರೆ ಕೊಡ್ತು ಟೀಚರ್?" ಎಂದು ನಾನು ಕೇಳಿದೆ. "ಹದಿನೆಂಟು ನಿಮಿಷ ಆಯ್ತು."

"ಎಲ್ಲೂ ಕೊಡ್ಲಿಲ್ಲ ಮೇಡಂ. ಫಾರಂ ಮೂರೇ ನಿಮಿಷ. ಹತ್ತಕ್ಕೆ ಸರಿಯಾಗಿ ನಮ್ಮಕ್ಕ ಫೋನ್ ಮಾಡಿದ್ಲು, ಅವಳ ಸೊಸೆ ಮೇಲೆ ದೂರು. ಮಧ್ಯದಲ್ಲಿ ನಿಲ್ಲಿಸಕ್ಕಾಗ್ಲಿಲ್ಲ." ಅವರು ನಗುತ್ತಿದ್ದರು. "ಈ ಸಲ ತಡ ಮಾಡಿದ್ದು ನಾನೇ."